ಮುನಿಯಮ್ಮನವರ ಮನೆಯ ಒಣಗದ ಮಣ್ಣು

1946ನೆಯ ಇಸವಿ. ಯುದ್ಧ ಮುಗಿದು ಸೈನ್ಯದ ಶಿಬಿರಗಳು ಒಂದೊಂದಾಗಿ ತೆರವಾಗುತ್ತಿದ್ದ ಕಾಲ. ಬೆಂಗಳೂರಿನ ಸರ್ಕಾರಿ ರಸಾಯನ ಪ್ರಯೋಗಾಲಯವೊಂದರಲ್ಲಿ ನಾನು ಜೂನಿಯರ್ ಅಸಿಸ್ಟೆಂಟ್ ಆಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ, ಆಡುವ ಮಾತು ಶುದ್ಧವಾಗಿಯೂ ಶಾಸ್ತ್ರೀಯವಾಗಿಯೂ ಇರಬೇಕೆಂಬ ಎಚ್ಚರ ಸದಾ ಇರುತ್ತಿತ್ತು.

ಒಂದು ದಿನ ಹೊಸಕೋಟೆಯ ಪೊಲೀಸರು ಮೇಣದ ಕಾಗದದಲ್ಲಿ ಸುತ್ತಿದ ಒಂದು ಕಡ್ಡಿಯನ್ನು ಪರೀಕ್ಷೆಗೆ ಕಳುಹಿಸಿದರು. ನಂದಗುಡಿಯ ಕಡೆ ಸೈನಿಕರು ಬಂಡೆ ಒಡೆಯುವ ಅಭ್ಯಾಸ ನಡೆಸಿ ಬಿಟ್ಟುಹೋಗಿದ್ದ ಜಾಗದಲ್ಲಿ ಅದು ಒಬ್ಬ ಕಲ್ಲುಕುಟಿಗನಿಗೆ ಸಿಕ್ಕಿತ್ತು. ಹಸಿರು ಛಾಯೆ, ಬಾದಾಮಿಯಂಥ ವಾಸನೆ, ಒತ್ತಿದರೆ ಹಿಟ್ಟಿನಂತೆ ತಗ್ಗುವ ಮೃದುತ್ವ. ಅದು ಪ್ಲಾಸ್ಟಿಕ್ ಸ್ಫೋಟಕ.

ಇಲ್ಲಿ ‘ಪ್ಲಾಸ್ಟಿಕ್’ ಎಂದರೆ ನಾದಿ ಬೇಕಾದ ಆಕಾರಕ್ಕೆ ತರಬಹುದಾದದ್ದು ಎಂದಷ್ಟೇ ಅರ್ಥ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಡೈನಮೈಟ್ ಬಿಸಿಲಿಗೆ ಬೆವರುತ್ತಿತ್ತು, ಅಂದರೆ ಒಳಗಿನ ಸ್ಫೋಟಕ ಎಣ್ಣೆ ಹೊರಗೆ ಒಸರುತ್ತಿತ್ತು. ಹಳೆಯದಾದರೆ ಮುಟ್ಟಲೂ ಭಯ. ಆರ್.ಡಿ.ಎಕ್ಸ್. ಎಂಬ ಪುಡಿಗೆ ಬಲ ಹೆಚ್ಚು, ಆದರೆ ಪೆಟ್ಟು ತಾಳುವ ಗುಣ ಕಡಿಮೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ರಸಾಯನಜ್ಞರು ಆ ಪುಡಿಯನ್ನು ಜಿಡ್ಡಿನ ಪದಾರ್ಥದೊಡನೆ ಬೆರೆಸಿ ಕಣಕದಂತೆ ಮಾಡಿದರು. ಸೇತುವೆಯ ಉಕ್ಕಿನ ತೊಲೆಗೆ ಅದನ್ನು ಮೆತ್ತಬಹುದು. ಕೆಳಗೆ ಬಿದ್ದರೂ ಸಾಮಾನ್ಯವಾಗಿ ಸಿಡಿಯದು. ಅದನ್ನು ಸಿಡಿಸಲು ಡಿಟೊನೇಟರ್ ಎಂಬ ಸಣ್ಣ ಲೋಹದ ಕೊಳವೆ ಬೇಕು. ಆದ್ದರಿಂದ ನಮ್ಮ ಆತಂಕವೆಲ್ಲ ಕೊಳವೆಯದ್ದಾಗಿತ್ತು. ಸಿಕ್ಕಿದ ಇನ್ನಷ್ಟು ಕಡ್ಡಿಗಳನ್ನು ಗೋಡೆಯ ಬಿರುಕಿಗೆ ಮೆತ್ತಿಕೊಳ್ಳಲೆಂದು ಪಕ್ಕದ ಹಳ್ಳಿಯ ಮುನಿಯಮ್ಮ ಎಂಬವರಿಗೆ ಕೊಟ್ಟೆನೆಂದು ಕಲ್ಲುಕುಟಿಗ ಹೇಳಿದ್ದ. ಅವುಗಳೊಂದಿಗೆ ಕೊಳವೆಯೂ ಹೋಗಿದ್ದರೆ?

ದಫೇದಾರ್ ರಂಗಪ್ಪನವರೊಡನೆ ನಾನು ಆ ಹಳ್ಳಿಗೆ ಹೋದೆ. ಮುನಿಯಮ್ಮನವರ ಬಾಗಿಲಲ್ಲಿ ಎತ್ತಿನ ಗಾಡಿಯೊಂದು ಸಿದ್ಧವಾಗಿತ್ತು. ಜಗಲಿಯ ಮೇಲೆ ಬಟ್ಟೆಗಂಟು ಹಿಡಿದು ಅವರ ಸೊಸೆಯ ಅಣ್ಣ ಚಿಕ್ಕಣ್ಣ ಕುಳಿತಿದ್ದ. ಸೊಸೆ ಲಕ್ಷ್ಮಮ್ಮ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕಂಬಕ್ಕೆ ಒರಗಿದ್ದಳು. ಒಳಗೆ ಒಲೆ ಉರಿಯುತ್ತಿತ್ತು.

“ತಮ್ಮ ಗೃಹದಲ್ಲಿ ಸ್ಫೋಟಕ ದ್ರವ್ಯವೇನಾದರೂ ಸಂಗ್ರಹವಾಗಿದೆಯೇ?” ಎಂದು ನಾನು ವಿನಯದಿಂದ ಕೇಳಿದೆ.

ಮುನಿಯಮ್ಮ ನನ್ನನ್ನೊಮ್ಮೆ, ದಫೇದಾರರನ್ನೊಮ್ಮೆ ನೋಡಿದರು. “ಏನಂತಪ್ಪಾ ಈವಯ್ಯ? ಪೂಜೆಗೀಜೆ ಮಾಡಿಸ್ಬೇಕಂತಾ?”

ರಂಗಪ್ಪನವರಿಗೆ ತಾಳ್ಮೆ ಕಡಿಮೆ. ಬಂದೂಕಿನ ಪರವಾನಗಿ ನೋಡಿ ನೋಡಿ ಅವರಿಗೆ ಈ ಜಾತಿಯ ವಸ್ತುವೆಲ್ಲ ಒಂದೇ ಹೆಸರಿನದು. “ಅದೇ ಕಣಮ್ಮಾ, ನಿಮ್ಮನೇಲಿ ಮದ್ದು ಇಟ್ಟಿದ್ದೀರಂತಲ್ಲ, ತೋರ್ಸಿ!”

ನಮ್ಮ ಸೀಮೆಯಲ್ಲಿ ಮದ್ದು ಎಂದರೆ ಔಷಧಿ. ಬಂದೂಕಿಗೆ ತುಂಬುವುದೂ ಮದ್ದೇ. ಆದರೆ ‘ಮದ್ದು ಇಡುವುದು’ ಎಂದರೆ ಬೇರೆ: ಆಗದವರ ಅನ್ನದಲ್ಲಿ ಗುಟ್ಟಾಗಿ ಏನನ್ನೋ ಬೆರೆಸಿ ಅವರನ್ನು ಕ್ಷೀಣಿಸುವಂತೆ ಮಾಡುವುದು. ಆ ಅಪವಾದ ಹೊತ್ತ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ.

ಚಿಕ್ಕಣ್ಣ ಎದ್ದು ನಿಂತ. “ನೋಡ್ದಾ ಲಕ್ಷ್ಮೀ! ಪೊಲೀಸ್ನೋರ್ಗೂ ಗೊತ್ತಾಗೈತೆ. ದಿನಾ ತಲೆನೋವು, ತಲೆಸುತ್ತು ಅಂದ್ರೆ ಸುಮ್ಕೆ ಬತ್ತದಾ? ನಡಿ, ಗಾಡಿ ಹತ್ತು. ಇನ್ ಈ ಮನೆ ಋಣ ತೀರ್ತು.”

ಅತ್ತೆಯೇ ಮದ್ದಿಟ್ಟಿದ್ದಾಳೆಂದು ಊರಿನವರು ಆಡಿಕೊಂಡದ್ದನ್ನು ಕೇಳಿಯೇ ಅವನು ತಂಗಿಯನ್ನು ಕರೆದೊಯ್ಯಲು ಬಂದಿದ್ದನೆಂಬುದು ನನಗೆ ಆಗ ತಿಳಿಯಿತು.

“ಯಾವನ್ಲಾ ಅಂದೋನು? ಅವ್ನ್ ನಾಲ್ಗೆ ಬಿದ್ದೋಗ!” ಎಂದು ಮುನಿಯಮ್ಮ ಗುಡುಗಿದರು. “ನನ್ ಸೊಸೇಗೆ ನಾನು ಮದ್ದಿಡ್ತೀನಾ?”

“ಅಯ್ಯೋ, ಆ ಮದ್ದಲ್ಲಮ್ಮಾ! ಕಲ್ಲುಕುಟಿಗ ಕೊಟ್ಟ ಹಸ್ರು ಮಣ್ಣು!” ಎಂದರು ರಂಗಪ್ಪ.

“ಆ ಹಾಳ್ ಮಣ್ಗಾ ಇಷ್ಟ್ ಮಾತು?” ಎಂದವರೇ ಮುನಿಯಮ್ಮ ಹೊಸ್ತಿಲ ಬಳಿ ಇದ್ದ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ಎತ್ತಿ, ನಾನು ಕೈ ಚಾಚುವಷ್ಟರಲ್ಲಿ ಒಳಗಿನ ಒಲೆಗೆ ಎಸೆದುಬಿಟ್ಟರು.

ಆಗ ನನ್ನ ಶುದ್ಧ ಭಾಷೆ ಎಲ್ಲಿ ಹೋಯಿತೋ ತಿಳಿಯದು. “ಓಡ್ರೋ! ಎಲ್ಲಾ ಆಚೆ ಓಡ್ರೋ!” ಎಂದು ಕೂಗಿದೆ. ಹುಣಸೆಮರದ ಹಿಂದೆ ಎಲ್ಲರೂ ಸೇರಿದ ಮೇಲೆ ಲಕ್ಷ್ಮಮ್ಮನನ್ನು ಕೇಳಿದೆ: “ಅದರೊಳಗೆ ಲೋಹದ ಕೊಳವೆ ಏನಾದರೂ ಇತ್ತೇನಮ್ಮಾ?”

“ಇಲ್ಲ ಕಣಣ್ಣಾ. ದಿನಾ ನಾದೋಳು ನಾನೇ ಅಲ್ವಾ? ಒಂದ್ ಹರಳೂ ಕೈಗೆ ಸಿಕ್ಕಿಲ್ಲ.”

ಬಾಗಿಲ ಸಂದಿಯಿಂದ ಕಣ್ಣು ಕೋರೈಸುವ ಬೆಳಕು ಕಂಡಿತು. ಬುಸ್ಸೆಂಬ ಸದ್ದು ಕೇಳಿಸಿತು. ಮುಂದಿನದಕ್ಕಾಗಿ ನಾನು ಕಿವಿ ಮುಚ್ಚಿ ಕಾದೆ. ಏನೂ ಆಗಲಿಲ್ಲ. ಬೆಳಕು ಇಳಿಯಿತು, ಮಾಡಿನಿಂದ ಎಂದಿನಂತೆ ಹೊಗೆ ಏಳತೊಡಗಿತು. ಪುಸ್ತಕದಲ್ಲಿ ಓದಿದ್ದುದು ನಿಜವಾಗಿತ್ತು: ಡಿಟೊನೇಟರ್ ಇಲ್ಲದ ಚಿಕ್ಕ ಮುದ್ದೆ ಉರಿದುಹೋಗುತ್ತದೆ, ಅಷ್ಟೇ. ಹಾಗೆಂದು ಯಾರೂ ಇದನ್ನು ನಂಬಿ ಬೆಂಕಿಗೆ ಹಾಕಬಾರದು. ಇಕ್ಕಟ್ಟಿನಲ್ಲಿದ್ದರೆ ಅಥವಾ ಮುದ್ದೆ ದೊಡ್ಡದಾಗಿದ್ದರೆ ಈ ಕಥೆ ಹೇಳಲು ನಾವಾರೂ ಇರುತ್ತಿರಲಿಲ್ಲ.

ಮರದ ಮರೆಯಿಂದ ಈಚೆ ಬಂದ ಮೇಲೆ ಅವಳ ಮಾತಿನ ಒಂದು ಪದ ಮತ್ತೆ ನೆನಪಾಯಿತು.

“ದಿನಾ ನಾದುತ್ತೀಯಾ? ಏಕೆ?”

“ಅದು ಒಣಗೋದೇ ಇಲ್ವಲ್ಲಾ! ಬಿರುಕಿಗೆ ಮೆತ್ತಿದ್ರೆ ಬಿಸ್ಲಿಗೆ ಜಾರಿ ಬೀಳ್ತದೆ. ಬೆಳಗೆದ್ದು ಮತ್ತೆ ನಾದಿ ಮೆತ್ತೋದು.”

“ತಲೆನೋವು ಯಾವಾಗಿನಿಂದ?”

ಅವಳು ಯೋಚಿಸಿದಳು. “ಆ ಮಣ್ಣು ಬಂದಾಗ್ನಿಂದ.”

ಆ ಬಗೆಯ ಸ್ಫೋಟಕವನ್ನು ಬರಿಗೈಯಲ್ಲಿ ಮುಟ್ಟಿದವರಿಗೂ ಅದರ ವಾಸನೆ ಸೇವಿಸಿದವರಿಗೂ ತೀವ್ರ ತಲೆನೋವು ಬರುವುದೆಂದು ಸೈನಿಕರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಅದನ್ನು, ಈ ಬಾರಿ ಸರಳವಾಗಿಯೇ, ಚಿಕ್ಕಣ್ಣನಿಗೆ ಹೇಳಿದೆ. ಅವನು ತಂಗಿಯ ಕೈಗಳನ್ನು ನೋಡಿದ.

“ಅಂಗಾದ್ರೆ ಯಾರೂ ಮದ್ದು ಇಟ್ಟಿಲ್ವಾ?”

“ಮದ್ದು ಇತ್ತು. ಇಟ್ಟವರು ಯಾರೂ ಇಲ್ಲ,” ಎಂದೆ.

ಅವನು ಹೋಗಿ ಗಾಡಿಯಿಂದ ಎತ್ತು ಬಿಚ್ಚಿದ. ಮುನಿಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಲಕ್ಷ್ಮಮ್ಮ ಅವರ ಬೆನ್ನು ಸವರುತ್ತ ನಿಂತಳು. ಗೋಡೆಯಲ್ಲಿ ಉಳಿದಿದ್ದುದನ್ನು ಸೈನ್ಯದವರು ಬಂದು ಬಿಡಿಸಿಕೊಂಡು ಹೋದರು. ಊರೆಲ್ಲ ಹುಡುಕಿದರೂ ಕೊಳವೆಗಳು ಸಿಗಲಿಲ್ಲ. ಸೈನ್ಯದ ನಿಯಮದಂತೆ ಅವನ್ನು ಬೇರೆಯಾಗಿಯೇ ಇಟ್ಟು, ಬೇರೆಯಾಗಿಯೇ ಒಯ್ದಿದ್ದರಂತೆ. ವಾರ ಕಳೆದ ಮೇಲೆ ಲಕ್ಷ್ಮಮ್ಮನ ಹಣೆಯ ಬಟ್ಟೆಯೂ ಬಿಚ್ಚಿತೆಂದು ರಂಗಪ್ಪನವರು ತಿಳಿಸಿದರು.

ಮುಂದೆ ಮೂವತ್ತು ವರ್ಷ ಅದೇ ವೃತ್ತಿಯಲ್ಲಿದ್ದೆ. ವಸ್ತುವಿನ ಗುಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಂತೆ, ಅದರ ಹೆಸರಿನ ಗುಣವನ್ನು, ಆ ಹೆಸರನ್ನು ಕೇಳಿಸಿಕೊಳ್ಳುವವರ ಮನೆಯಲ್ಲಿ ಪರೀಕ್ಷಿಸಬೇಕೆಂಬ ಪಾಠ ನನಗೆ ಸಿಕ್ಕಿದ್ದು ಆ ಜಗಲಿಯಲ್ಲಿ.

ಅಂದು ನಾವು ಹೊರಡುವಾಗ ಮುನಿಯಮ್ಮ ಎರಡು ಲೋಟ ಮಜ್ಜಿಗೆ ತಂದಿಟ್ಟರು. ರಂಗಪ್ಪನವರು ನಾಚಿಕೆಯಿಂದ ಕೈ ಚಾಚದೆ ನಿಂತರು.

“ಕುಡೀರಿ ದಫೇದಾರ್ರೇ,” ಎಂದರು ಆಕೆ, ಕಣ್ಣೊರೆಸಿಕೊಂಡು ನಗುತ್ತ. “ಏನೂ ಇಟ್ಟಿಲ್ಲ.”