ತೊಳೆದ ಮೇಲೂ ಉಳಿದದ್ದು

ಎರಡು ಸಾವಿರದ ದಶಕದ ನಡುವಿನಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಧಾರವಾಡದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿದ್ದೆ. ನನ್ನ ಗೈಡ್ ಆಗಿದ್ದ ಮೇಡಂಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರೆಂದರೆ ಅಷ್ಟೇ. ನನ್ನ ಮಾತಿನ ಧಾಟಿಯನ್ನು ಎಲ್ಲರೆದುರು ಅಣಕಿಸುತ್ತಿದ್ದರು. ಅವರ ಕಾರು ಗೇಟಿನೊಳಗೆ ಬಂದ ಸದ್ದಿಗೇ ನಾನು ಎದ್ದು ಮೈಕ್ರೋಸ್ಕೋಪಿನ ಕೋಣೆ ಸೇರುತ್ತಿದ್ದೆ.

ಕ್ಯಾನ್ಸರ್ ಕೋಶಗಳು ಪೊರೆ ಸುತ್ತಿದ ಅತಿ ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತವೆ. ಅದೆಲ್ಲ ಕೋಶದ ಕಸ ಎಂದು ಮೇಡಂ ನಂಬಿದ್ದರು. ಆಗ ಬಹಳ ಜನ ಹಾಗೇ ನಂಬಿದ್ದರು. ಗಡ್ಡೆ ಬೆಳೆಯಲು ರಕ್ತ ಬೇಕು, ರಕ್ತ ಬರಲು ಹೊಸ ನಾಳ ಬೇಕು. ಆ ನಾಳ ಬೆಳೆಯುವುದರಲ್ಲಿ ಈ ಚೀಲಗಳ ಕೈವಾಡವಿದೆ ಎಂಬುದು ನನ್ನ ಅನುಮಾನ. ಕ್ಯಾನ್ಸರ್ ಕೋಶಗಳನ್ನು ಬೆಳೆಸಿದ ದ್ರವವನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳದಲ್ಲಿ ಕೂತ ಚೀಲಗಳನ್ನು ತೆಗೆದು, ರಕ್ತನಾಳದ ಒಳಗೋಡೆಯ ಕೋಶಗಳ ಮೇಲೆ ಹಾಕಿದೆ. ಮರುದಿನ ನೋಡಿದರೆ ಆ ಕೋಶಗಳು ಒಂದಕ್ಕೊಂದು ಸೇರಿಕೊಂಡು ಬಲೆಯಂತೆ ಕೊಳವೆ ಕಟ್ಟಿದ್ದವು.

ಫೋಟೋ ತೋರಿಸಿದಾಗ ಮೇಡಂ ಅದನ್ನು ಮೇಜಿನ ಮೇಲೆ ಎಸೆದರು.

"ಚೀಲ ತೊಳೆದ್ಯಾ? ಸುತ್ತ ಇರೋ ದ್ರವದಲ್ಲೇ ನಾಳ ಬೆಳೆಸೋ ಪ್ರೋಟೀನ್ ಇರತ್ತೆ. ಅದನ್ನೂ ಸೇರಿಸಿ ಹಾಕ್ಬಿಟ್ಟು, ಚೀಲನೇ ಮಾಡ್ತು ಅಂತೀಯ."

ನಾನು ತೊಳೆದಿರಲಿಲ್ಲ. ಅವರು ಹೇಳಿದ್ದು ಸರಿ. ಸರಿ ಎಂಬ ಕಾರಣಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು. ಮೂರು ತಿಂಗಳು ಹಟಕ್ಕೆ ಬಿದ್ದು ಅದನ್ನೇ ಮಾಡಿದೆ, ಪ್ರತಿ ಸಲವೂ ಚೀಲಗಳನ್ನು ಎರಡೆರಡು ಬಾರಿ ತೊಳೆದು. ಕೊಳವೆಗಳು ಅರ್ಧಕ್ಕಿಂತ ಕಡಿಮೆಯಾದವು. ಆದರೆ ಪೂರ್ತಿ ಹೋಗಲಿಲ್ಲ. ಕೊನೆಯ ಸಲ ತೊಳೆದ ನೀರನ್ನಷ್ಟೇ ಹಾಕಿದ ತಟ್ಟೆಗಳಲ್ಲಿ ಏನೂ ಆಗಲಿಲ್ಲ. ಅಂದರೆ ಉಳಿದ ಕೊಳವೆಗಳು ಚೀಲಗಳದೇ ಕೆಲಸ.

ತಟ್ಟೆಗಳ ಮೇಲೆ ಬರೀ ನಂಬರ್ ಬರೆದು, ಯಾವುದು ಏನೆಂದು ಹೇಳದೆ ಮೇಡಂ ಮುಂದಿಟ್ಟೆ. ಅವರು ಒಂದೊಂದನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಕೊಳವೆಗಳನ್ನು ಎಣಿಸಿ, ತಮ್ಮ ಕೈಯಾರೆ ಬರೆದುಕೊಂಡರು. ಆಮೇಲೆ ಯಾವ ನಂಬರು ಯಾವುದೆಂದು ಬರೆದಿದ್ದ ನನ್ನ ಪಟ್ಟಿ ಕೊಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡಿದರು.

"ಇದನ್ನ ನಂಬ್ತೀನಿ," ಎಂದರು. "ನಿನ್ನನ್ನಲ್ಲ."

"ನನಗ ಅಷ್ಟ ಸಾಕ್ರಿ ಮೇಡಂ," ಎಂದೆ, ಬೇಕೆಂದೇ ನಮ್ಮೂರ ಧಾಟಿಯಲ್ಲಿ.

ತಲೆ ಎತ್ತದೆ ಪ್ರಬಂಧಕ್ಕೆ ಸಹಿ ಹಾಕಿದರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಅವರ ಆ ಒಂದು ಪ್ರಶ್ನೆ ಇಲ್ಲದಿದ್ದರೆ ನನ್ನ ಕೆಲಸ ನಿಲ್ಲುತ್ತಿರಲಿಲ್ಲ ಎಂದು ಗೊತ್ತಿದ್ದೂ ಹೇಳಲಿಲ್ಲ. ಕೆಲವು ವರ್ಷಗಳ ನಂತರ ಯಡಿಯೂರು ಕೆರೆಯ ಬಳಿ ವಾಕಿಂಗ್ ಮಾಡುವಾಗ ಎದುರಿಗೇ ಬಂದರು. ಇಬ್ಬರಿಗೂ ಗುರುತು ಸಿಕ್ಕಿತು. ಅವರು ನೀರಿನ ಕಡೆ ಮುಖ ತಿರುಗಿಸಿದರು, ನಾನು ರಸ್ತೆಯ ಕಡೆ.