ಮೂರು ಸಾವಿರ ಕಾಗದ, ಒಂದು ಆಕ್ಷೇಪಣೆ

ಕಚೇರಿಯಲ್ಲಿ ಎಲ್ಲರೂ ಅವನನ್ನು ಠಸ್ಸೆಯಪ್ಪ ಎನ್ನುತ್ತಿದ್ದರು. ಕೃಷಿ ಮತ್ತು ಆಹಾರ ಇಲಾಖೆಯ ಮೂರನೆಯ ಮಹಡಿಯಲ್ಲಿ, ಮೆಟ್ಟಿಲು ಮುಗಿಯುವಲ್ಲೇ ಇದ್ದ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವನು. ಹೊರಗಿನಿಂದ ಬಂದ ಪ್ರತಿ ಕಾಗದಕ್ಕೂ ತಾರೀಖಿನ ಠಸ್ಸೆ ಒತ್ತಬೇಕು, ಪಕ್ಕದಲ್ಲಿ ಸಂಖ್ಯೆ ಬರೆಯಬೇಕು, ಆ ಸಂಖ್ಯೆಯನ್ನು ಆವಕ ಪುಸ್ತಕಕ್ಕೆ ಏರಿಸಬೇಕು. ಇಷ್ಟೇ ಅವನ ಕೆಲಸ. ‘ಠಸ್ಸೆಯಪ್ಪನ ಮೇಜಿನ ಮೇಲೆ ನೊಣ ಕೂತರೂ ಅದಕ್ಕೊಂದು ನಂಬರ್ ಬೀಳುತ್ತೆ’ ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ತನ್ನ ಕೈಗೆ ಬಂದ ಒಂದು ಕಾಗದವೂ ಕಳೆದಿಲ್ಲ ಎನ್ನುವುದು ಅವನಿಗಿದ್ದ ಒಂದೇ ಒಂದು ಜಂಬ.

ಅವನಿಗೊಬ್ಬಳು ಅಕ್ಕ, ಎಂಟು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಪಟ್ಟಣದ ಆಚೆ, ಹಳ್ಳದ ದಂಡೆಯಲ್ಲಿ ಅವಳಿಗೆ ಒಂದೂವರೆ ಎಕರೆ ಸೊಪ್ಪಿನ ತೋಟವಿತ್ತು. ಸಾವಯವದ ಮುದ್ರೆ ಸಿಗಲೆಂದು ಮೂರು ವರ್ಷ ಒಂದು ಹನಿ ಔಷಧಿ ಹೊಡೆಯದೆ, ಅರ್ಧ ಬೆಳೆ ಹುಳುವಿಗೆ ಬಿಟ್ಟುಕೊಟ್ಟು, ಎರಚಿದ ಗೊಬ್ಬರವನ್ನೆಲ್ಲ ತಾರೀಖು ಹಾಕಿ ಬರೆದಿಟ್ಟು, ಕೊನೆಗೂ ಆ ಹಸಿರು ಮುದ್ರೆ ಗಿಟ್ಟಿಸಿದ್ದಳು. ಮಾತು ಒರಟು. ‘ಮುದ್ರೆ ಅಂದ್ರೆ ಮಾತು ಕೊಟ್ಟ ಹಾಗೆ ಕಣೋ’ ಎನ್ನುತ್ತಿದ್ದಳು.

ಒಂದು ದಿನ ಸರ್ಕಾರ ಒಂದು ಕರಡು ಪ್ರಕಟಿಸಿತು. ಅದರಲ್ಲಿ ಎರಡು ವಿಷಯಗಳಿದ್ದವು. ಅಲ್ಲಿಯವರೆಗೆ ನಿಷೇಧವಿದ್ದ ಹತ್ತೊಂಬತ್ತು ರಾಸಾಯನಿಕಗಳನ್ನು ಬಳಸಿ ಬೆಳೆದದ್ದಕ್ಕೂ ಇನ್ನು ಮುಂದೆ ಅದೇ ಸಾವಯವ ಮುದ್ರೆ ಒತ್ತಬಹುದು ಎನ್ನುವುದು ಒಂದು. ಆಹಾರ ಸಂಸ್ಕರಿಸುವ ಕಾರ್ಖಾನೆ ಕಟ್ಟುವಾಗ ನೀರಿಗೆ, ನೆಲಕ್ಕೆ, ಅಕ್ಕಪಕ್ಕದವರಿಗೆ ಏನಾಗುತ್ತದೆಂದು ಮೊದಲೇ ಪರಿಶೀಲಿಸಿ ಜನರನ್ನು ಕೇಳಬೇಕೆಂಬ ಕಾನೂನಿನಿಂದ ವಿನಾಯಿತಿ ಕೊಡುವುದು ಇನ್ನೊಂದು. ಜನ ನಲವತ್ತೈದು ದಿನದೊಳಗೆ ಆಕ್ಷೇಪಣೆ ಕಳಿಸಬಹುದಿತ್ತು. ಕಳಿಸಬೇಕಾದ ವಿಳಾಸ ಠಸ್ಸೆಯಪ್ಪನ ಕಚೇರಿಯದೇ.

ಅಕ್ಕ ಮಾರನೆಯ ಬೆಳಿಗ್ಗೆಯೇ ಅವನ ಮನೆಗೆ ಬಂದಳು. ಜೊತೆಯಲ್ಲಿ ನಿವೃತ್ತಳಾದ ನರ್ಸಮ್ಮ, ಅಕ್ಕನ ಹತ್ತಿರ ಸೊಪ್ಪು ಕೊಳ್ಳುವವಳು.

‘ಆಕ್ಷೇಪಣೆ ಹೇಗೆ ಬರೀಬೇಕೋ? ನಿನ್ನ ಕಚೇರಿಯೋರಿಗೆ ಏನು ಬೇಕು ಅಂತ ನಿಂಗಲ್ವಾ ಗೊತ್ತಿರೋದು?’

ಅವನಿಗೆ ಹಿಗ್ಗಾಯಿತು. ಅಕ್ಕ ಅವನ ಬುದ್ಧಿ ಕೇಳಿದ್ದು ಅದೇ ಮೊದಲು.

‘ಒಬ್ಬೊಬ್ರು ಒಂದೊಂದು ಥರ ಬರೆದ್ರೆ ಓದೋರು ಯಾರಕ್ಕ? ಒಂದೇ ಒಕ್ಕಣೆ ಮಾಡು. ಚಿಕ್ಕದಾಗಿ, ಎರಡೇ ಅಂಶ. ಜನ ಸಹಿ ಹಾಕಿ ವಿಳಾಸ ಬರೆದ್ರೆ ಸಾಕು. ಕೆಳಗೆ ಬೇಕಾದ್ರೆ ಎರಡು ಸಾಲು ಜಾಗ ಬಿಡು.’

ಅಡುಗೆಮನೆಯ ಮೇಜಿನ ಮುಂದೆ ತಾನೇ ಕೂತು ಒಕ್ಕಣೆ ಬರೆದುಕೊಟ್ಟ. ನರ್ಸಮ್ಮ ಎರಡು ಸಲ ಓದಿ, ‘ಹೆಂಗಪ್ಪಾ, ಎಲ್ಲಾ ಒಂದೇ ಥರ ಇದ್ರೆ ಪರವಾಗಿಲ್ವಾ?’ ಎಂದಳು. ‘ಪರವಾಗಿಲ್ಲಮ್ಮ, ನಾನಿದೀನಲ್ಲ’ ಎಂದ.

ಅಕ್ಕ ಮತ್ತು ನರ್ಸಮ್ಮ ಬೀದಿ ಬೀದಿ ತಿರುಗಿದರು. ಬ್ರೆಡ್ಡಿನ ಅಂಗಡಿಯವನು ಗಲ್ಲಾದ ಪಕ್ಕದಲ್ಲಿ ಕಾಗದದ ಕಟ್ಟು ಇಟ್ಟುಕೊಂಡ. ಆಸ್ಪತ್ರೆಯ ಸಾಲಿನಲ್ಲಿ ನಿಂತವರು, ಬಸ್ ನಿಲ್ದಾಣದವರು, ಶಾಲೆಯ ಗೇಟಿನಲ್ಲಿ ಮಕ್ಕಳಿಗೆ ಕಾದು ನಿಂತ ತಾಯಂದಿರು ಸಹಿ ಹಾಕಿದರು. ದಿನಾ ಮಧ್ಯಾಹ್ನ ಟಪಾಲಿನ ಚೀಲ ಬಂದಾಗ ಠಸ್ಸೆಯಪ್ಪ ಅಂಗಿಯ ತೋಳು ಮಡಚಿಕೊಂಡು ಕೆಲಸಕ್ಕೆ ಕೂರುತ್ತಿದ್ದ. ನಲವತ್ತೈದನೆಯ ದಿನ ಪುಸ್ತಕದಲ್ಲಿ ಆ ಒಕ್ಕಣೆಯ ಕಾಗದಗಳೇ ಮೂರು ಸಾವಿರದ ಎಂಟುನೂರ ನಲವತ್ತಾರು ಆಗಿದ್ದವು.

ಅವನು ಬಿಟ್ಟಿದ್ದ ಎರಡು ಸಾಲಿನ ಜಾಗದಲ್ಲಿ ಜನ ತಮಗೆ ತೋಚಿದ್ದನ್ನು ಬರೆದಿದ್ದರು. ‘ನನ್ನ ಮಗಳಿಗೆ ಮೈ ತುಂಬ ಗಂದೆ ಏಳುತ್ತೆ, ನಾವು ಮುದ್ರೆ ನೋಡೇ ತರೋದು.’ ‘ಕಾರ್ಖಾನೆ ಬಂದ ಮೇಲೆ ನಮ್ಮ ಬಾವಿ ನೀರಿಗೆ ವಾಸನೆ, ನಮ್ಮನ್ನ ಯಾರೂ ಕೇಳಿರಲಿಲ್ಲ.’ ಕೆಲವರು ಎರಡು ಸಾಲು ಸಾಲದೆ ಅಂಚಿನಲ್ಲೆಲ್ಲ ಸುತ್ತಿಸಿ ಬರೆದಿದ್ದರು. ಠಸ್ಸೆ ಒತ್ತುವಾಗ ಯಾರ ಅಕ್ಷರದ ಮೇಲೂ ಮಸಿ ಬೀಳದಂತೆ ಅವನು ಮೂಲೆ ಹುಡುಕಿ ಒತ್ತುತ್ತಿದ್ದ.

ಆ ವಾರದ ಕೊನೆಗೆ ನಿರ್ದೇಶಕರು ಹೇಳಿಕಳಿಸಿದರು.

ಆ ಕೋಣೆಗೆ ಅವನು ಹೋಗುತ್ತಿದ್ದದ್ದು ಫೈಲು ಇಟ್ಟು ಬರುವುದಕ್ಕೆ ಮಾತ್ರ. ಅಂದು ನಿರ್ದೇಶಕರು ನಕ್ಕು, ‘ಬನ್ನಿ, ಕೂತ್ಕೊಳ್ಳಿ’ ಎಂದರು. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಅವನಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ಮೆತ್ತನೆಯ ಕುರ್ಚಿ. ಅಂಚಿನಲ್ಲಿ ಕೂತ. ಚಹಾ ಬಂತು, ತಟ್ಟೆಯ ಸಮೇತ.

‘ಆಕ್ಷೇಪಣೆ ಪಟ್ಟಿ ನೀವೇ ಮಾಡ್ಬೇಕು. ಅನುಭವ ಇರೋರು. ಒಂದೇ ವಿಷಯ, ಈ ಮೂರು ಸಾವಿರ ಚಿಲ್ಲರೆ ಕಾಗದ ಇದೆಯಲ್ಲ, ಎಲ್ಲದರ ಒಕ್ಕಣೆ ಒಂದೇ ತಾನೆ?’

‘ಹೌದು ಸರ್.’

‘ಹಾಗಾದ್ರೆ ಆಕ್ಷೇಪಣೆನೂ ಒಂದೇ. ಒಂದು ಅಂತ ತೋರಿಸಿ.’

ಕೆಳಗೆ ಎರಡೆರಡು ಸಾಲು ಬರೆದಿದ್ದಾರೆ ಸರ್, ಅವು ಬೇರೆ ಬೇರೆ ಇವೆ ಎಂದು ಹೇಳಬೇಕೆನಿಸಿತು. ಆದರೆ ಕೈಯಲ್ಲಿ ಚಹಾದ ಬಟ್ಟಲಿತ್ತು, ನಿರ್ದೇಶಕರು ಅವನ ಮುಖವನ್ನೇ ನೋಡುತ್ತಿದ್ದರು, ನಗುತ್ತಲೇ.

‘ಆಗ್ಲಿ ಸರ್’ ಎಂದ.

ಅವರು ಗದರಲಿಲ್ಲ, ಹೆದರಿಸಲಿಲ್ಲ. ಮುಂದೆ ಅವನನ್ನು ಸುಟ್ಟದ್ದು ಅದೇ. ಬೇರೆಯವರು ಕಳಿಸಿದ್ದ ಹದಿಮೂರನ್ನೂ ಸೇರಿಸಿ ಅವನು ಹದಿನಾಲ್ಕು ಆಕ್ಷೇಪಣೆಗಳ ಪಟ್ಟಿ ಮಾಡಿದ. ಕೊನೆಯಲ್ಲಿ ‘ಎಲ್ಲವನ್ನೂ ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದ. ಕಾಗದಗಳನ್ನು ಒಂಬತ್ತು ಕಟ್ಟು ಮಾಡಿ ಬೀರುವಿನಲ್ಲಿಟ್ಟ. ಒಂದೂ ಕಳೆದಿರಲಿಲ್ಲ.

ಪತ್ರಿಕೆಯಲ್ಲಿ ಸುದ್ದಿ ಬಂತು. ಸಾರ್ವಜನಿಕರಿಂದ ಹದಿನಾಲ್ಕು ಆಕ್ಷೇಪಣೆಗಳು ಮಾತ್ರ ಬಂದಿವೆ, ಹೆಚ್ಚಿನ ವಿರೋಧವಿಲ್ಲದ್ದರಿಂದ ಕರಡು ಮುಂದುವರಿಯಲಿದೆ. ಅಕ್ಕ ತೋಟದ ಕೆಸರುಗಾಲಲ್ಲೇ ಬಂದಳು.

‘ಎಲ್ಲೋ ಕಳೆದಿರ್ಬೇಕು ಕಣೋ. ಅಂಚೆಯೋರು ಏನೋ ಎಡವಟ್ಟು ಮಾಡಿದಾರೆ. ಆ ನರ್ಸಮ್ಮ ನಿನ್ನ ಮೇಲೆ ಗುಮಾನಿಪಟ್ಟಳು. ಜಾಡಿಸಿಬಿಟ್ಟೆ. ನನ್ನ ತಮ್ಮನ ಕೈಗೆ ಬಂದ ಕಾಗದ ಇವತ್ತಿನವರೆಗೂ ಕಳೆದಿಲ್ಲ ಅಂದೆ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅವಳು ಕಳ್ಳ ಎಂದೂ ಅನ್ನಲಿಲ್ಲ. ಆದರೂ ಅವನ ಕೈ ತನಗೆ ತಾನೇ ಕತ್ತಿನ ಹಿಂದಕ್ಕೆ ಹೋಯಿತು.

‘ವಿಚಾರಿಸ್ತೀನಿ ಅಕ್ಕ’ ಎಂದ.

ಅವಳು ಹೋದ ಮೇಲೆ ಹೆಂಡತಿ ಬಾಗಿಲಲ್ಲಿ ನಿಂತಳು. ‘ಏನು ವಿಚಾರಿಸ್ತೀರಿ? ಯಾರನ್ನ?’ ಎಂದಳು. ಅವನು ಚಪ್ಪಲಿ ಹುಡುಕುವವನಂತೆ ಬಗ್ಗಿದ. ‘ಅಕ್ಕನಿಗೆ ಹೇಳೋದನ್ನ ನಂಗೆ ಹೇಳ್ಬೇಡಿ. ಇಪ್ಪತ್ತು ವರ್ಷ ಆಯ್ತು ಈ ಮುಖ ನೋಡ್ತಾ’ ಎಂದು ಅಷ್ಟಕ್ಕೇ ಬಿಟ್ಟಳು. ಆಮೇಲಿನ ದಿನಗಳಲ್ಲಿ ಅವನಿಗೆ ಊಟ ಸೇರಲಿಲ್ಲ. ಅಕ್ಕ ಕೊಟ್ಟುಹೋಗಿದ್ದ ಸೊಪ್ಪು ಅಡುಗೆಮನೆಯಲ್ಲೇ ಬಾಡಿತು. ಕಚೇರಿಯಲ್ಲಿ ನಿರ್ದೇಶಕರು ಎದುರಾದಾಗಲೆಲ್ಲ ತಲೆಯಾಡಿಸಿ ನಗುತ್ತಿದ್ದರು. ಅದನ್ನು ಕಂಡು ಜೊತೆಯವರು ಅವನಿಗೆ ಸ್ವಲ್ಪ ಹೆಚ್ಚು ಮರ್ಯಾದೆ ಕೊಡತೊಡಗಿದರು. ಆ ಮರ್ಯಾದೆ ಅವನಿಗೆ ನುಂಗಲೂ ಆಗದ, ಉಗುಳಲೂ ಆಗದ ತುತ್ತಾಯಿತು.

ಭಾನುವಾರ ಬ್ರೆಡ್ಡಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಭೆ ಸೇರಿತು. ಅಕ್ಕನೇ ಅವನನ್ನು ಕರೆದುಕೊಂಡು ಹೋದಳು, ‘ಕಚೇರಿ ವಿಷಯ ನೀನೇ ಹೇಳು’ ಎಂದು. ಹಿಟ್ಟಿನ ಚೀಲಗಳ ಮೇಲೆ, ತಗಡಿನ ಡಬ್ಬಗಳ ಮೇಲೆ ಮೂವತ್ತು ಜನ ಕೂತಿದ್ದರು. ಮಾತು ಜಗಳಕ್ಕೆ ತಿರುಗಿತ್ತು. ನೀನು ಪೋಸ್ಟ್ ಮಾಡಿದ್ದೆಯಾ, ನೀನು ಸರಿಯಾಗಿ ವಿಳಾಸ ಬರೆದೆಯಾ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮೂಲೆಯಲ್ಲಿದ್ದ ಮುದುಕ, ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವನು, ನಡುಗುವ ಕೈ ಎತ್ತಿದ.

‘ತಪ್ಪು ನಂದೇ ಇರ್ಬೇಕು’ ಎಂದ. ‘ನಮ್ಮ ಬೀದಿಯ ಇನ್ನೂರು ವಿಳಾಸ ಬರೆದೋನು ನಾನು. ಈಗ ಕೈ ಹಿಡಿತಕ್ಕೆ ಬರಲ್ಲ, ಅಕ್ಷರ ಸೊಟ್ಟ. ಅವ್ರಿಗೆ ಓದೋಕಾಗ್ಲಿಲ್ವೇನೋ, ಅದಕ್ಕೇ ತಗೊಂಡಿಲ್ವೇನೋ. ಕ್ಷಮಿಸ್ಬೇಕು ಎಲ್ಲರೂ.’

ಠಸ್ಸೆಯಪ್ಪನಿಗೆ ಆ ಅಕ್ಷರ ಗೊತ್ತಿತ್ತು. ಎರೆಹುಳುವಿನಂತೆ ಸೊಟ್ಟ, ಆದರೆ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಅವನು ಎದ್ದು ನಿಂತ.

‘ನಿಮ್ಮ ಅಕ್ಷರ ಚೆನ್ನಾಗೇ ಇದೆ, ತಾತ. ಓದಿದೀನಿ. ಎಲ್ಲಾ ಬಂದಿದೆ. ಒಂದೊಂದಕ್ಕೂ ನಾನೇ ಠಸ್ಸೆ ಹಾಕಿದೀನಿ, ನಂಬರ್ ಹಾಕಿದೀನಿ. ಆಮೇಲೆ ಎಲ್ಲಾ ಸೇರಿಸಿ ಒಂದೇ ಅಂತ ಪಟ್ಟಿಲಿ ಬರೆದೋನೂ ನಾನೇ.’

ನರ್ಸಮ್ಮ, ‘ಬೇಲಿನೇ ಎದ್ದು ಹೊಲ ಮೇಯ್ತಲ್ಲಪ್ಪಾ’ ಎಂದಳು, ಮೆಲ್ಲಗೆ. ಅಕ್ಕ ಮಾತ್ರ ಅವನ ಹತ್ತಿರ ಬಂದು ಮುಖ ನೋಡಿದಳು.

‘ಒಂದೇ ಒಕ್ಕಣೆ ಮಾಡು ಅಂತ ಅವತ್ತು ಹೇಳಿದ್ಯಲ್ಲ. ಆಗ್ಲೇ ಗೊತ್ತಿತ್ತಾ ನಿಂಗೆ?’

‘ಇಲ್ಲಕ್ಕ. ನಿನ್ನಾಣೆ ಇಲ್ಲ.’

ಅವಳಿಗೆ ನಂಬಬೇಕೋ ಬೇಡವೋ ತಿಳಿಯುತ್ತಿಲ್ಲ ಎಂಬುದು ಅವಳ ಕಣ್ಣಲ್ಲೇ ಕಂಡಿತು. ನೆಲ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಹೊರಗೆ ಹೋಗಲು ಬಾಗಿಲ ಕಡೆ ತಿರುಗಿದ. ಗಡಿಯಾರದ ತಾತ ತಡೆದ.

‘ತಪ್ಪಾಯ್ತು ಅಂತ ಹೇಳಿ ಎದ್ದುಹೋಗೋದು ಸುಲಭ. ಕೂತ್ಕೊ. ಈಗ ಏನು ಮಾಡೋದು ಹೇಳು.’

ಅವನು ಹೇಳಿದ. ಪಟ್ಟಿಯನ್ನು ತಿರುಚಬಹುದು, ಆವಕ ಪುಸ್ತಕವನ್ನು ತಿರುಚಲಾಗದು. ಅದರಲ್ಲಿ ಒಂದೊಂದು ಕಾಗದವೂ ಬೇರೆ ಸಂಖ್ಯೆಯಲ್ಲಿದೆ. ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಅರ್ಜಿ ಹಾಕಿ ನಕಲು ಕೇಳಬಹುದು. ‘ನಕಲು ಕೊಡೋನು ನಾನೇ. ಕೊಡ್ತೀನಿ. ನ್ಯಾಯಾಲಯದಲ್ಲಿ ಹೇಳಿಕೆನೂ ಕೊಡ್ತೀನಿ.’

ಅಕ್ಕ ಮೊದಲ ಅರ್ಜಿ ಬರೆದಳು. ಈ ಸಲ ಅವನನ್ನು ಏನೂ ಕೇಳದೆ, ತನ್ನದೇ ಮಾತಿನಲ್ಲಿ.

ನಕಲು ಕೈಗೆ ಬಂದ ಮೇಲೆ ಅವರು ಇಲಾಖೆಯ ಮೇಲೆ ದಾವೆ ಹೂಡಿದರು. ನಾಲ್ಕು ತಿಂಗಳ ಮೇಲೆ ಅವನು ಸಾಕ್ಷಿಕಟ್ಟೆಯಲ್ಲಿ ನಿಂತ. ಇಲಾಖೆಯ ವಕೀಲರು ಕೇಳಿದರು.

‘ನಿಮ್ಮನ್ನ ಯಾರಾದ್ರೂ ಬೆದರಿಸಿದ್ರಾ?’

‘ಇಲ್ಲ.’

‘ಆಮಿಷ ಏನಾದ್ರೂ?’

‘ಇಲ್ಲ.’

‘ಮತ್ತೆ ತಪ್ಪು ಅಂತ ಗೊತ್ತಿದ್ದೂ ಯಾಕೆ ಬರೆದ್ರಿ?’

ಏನಾದರೂ ದೊಡ್ಡ ಕಾರಣ ಸಿಗುತ್ತದೆಯೇ ಎಂದು ಅವನು ತಡಕಾಡಿದ. ಸಿಗಲಿಲ್ಲ.

‘ಕೂತ್ಕೊಳ್ಳಿ ಅಂದ್ರು. ಚಹಾ ಕೊಟ್ರು’ ಎಂದ.

ಇಡೀ ಕೋಣೆ ಗೊಳ್ಳೆಂದಿತು. ನ್ಯಾಯಾಧೀಶರೂ ತುಟಿ ಒತ್ತಿ ಹಿಡಿದರು. ಅವನ ಕಿವಿ ಬಿಸಿಯಾಯಿತು. ನಗದೆ ಕೂತಿದ್ದವಳು ಅಕ್ಕ ಒಬ್ಬಳೇ. ಅವಳು ತಲೆ ತಗ್ಗಿಸಿದ್ದಳು. ಜನರ ನಗುವಿಗಿಂತ ಹೆಚ್ಚು ಚುಚ್ಚಿದ್ದು ಅದು. ತಾನು ಎತ್ತಿ ಆಡಿಸಿದ ತಮ್ಮ ಒಂದು ಬಟ್ಟಲು ಚಹಾಕ್ಕೆ ಮಾರಾಟವಾದನಲ್ಲ ಎಂದು ಅವಳು ನಾಲ್ಕು ಜನರ ನಡುವೆ ನಾಚಿಕೊಳ್ಳುವಂತಾಗಿತ್ತು.

ತೀರ್ಪು ಆಕ್ಷೇಪಣೆ ಕಳಿಸಿದವರ ಪರವಾಗಿ ಬಂತು, ಪೂರ್ತಿ ಅಲ್ಲ. ಕೈಬರಹದ ಸಾಲುಗಳಿರುವ ಪ್ರತಿ ಕಾಗದವನ್ನೂ ಬೇರೆ ಆಕ್ಷೇಪಣೆಯೆಂದೇ ಎಣಿಸಬೇಕು, ಬಹಿರಂಗ ಅಹವಾಲು ಸಭೆ ನಡೆಸಬೇಕು ಎಂದರು ನ್ಯಾಯಾಧೀಶರು. ನಿರ್ದೇಶಕರಿಗೆ ಬೇರೆ ಇಲಾಖೆಗೆ ವರ್ಗವಾಯಿತು, ಅಲ್ಲಿ ಇನ್ನೂ ದೊಡ್ಡ ಕೋಣೆ ಸಿಕ್ಕಿತಂತೆ. ಠಸ್ಸೆಯಪ್ಪನನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿಗೆ ಹೊಸ ಕಾಗದವೇ ಬರುತ್ತಿರಲಿಲ್ಲ. ಅವನು ದೂರಲಿಲ್ಲ.

ಅಹವಾಲು ಸಭೆಯ ದಿನ ಸಭಾಂಗಣದ ಹೊರಗೆ, ಹೇಳಿಕೆ ಬರೆಯಲು ಬಾರದವರಿಗಾಗಿ ಒಂದು ಮೇಜು ಹಾಕಿದ್ದರು. ಬರೆಯುವವರು ಸಾಲದೆ ನರ್ಸಮ್ಮ ಅವನನ್ನು ಕರೆದಳು. ‘ಬಾ, ಅಕ್ಷರ ದುಂಡಗಿದೆ ನಿಂದು. ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಬರಿ. ನಿನ್ನ ಬುದ್ಧಿ ಸೇರಿಸ್ಬೇಡ.’ ಅವನು ರಜೆ ಹಾಕಿ ಬಂದಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆದ. ಬಟ್ಟೆ ಒಗೆಯುವವಳೊಬ್ಬಳು ಹಳ್ಳದ ನೀರಿನ ನೊರೆಯ ಬಗ್ಗೆ ಹೇಳುತ್ತ ಹೇಳುತ್ತ ಗಂಡನನ್ನು ಬೈದಳು. ಅದನ್ನೂ ಬರೆಯಲೇ ಎಂದು ಕೇಳಿದ. ‘ಅದನ್ನ ಬಿಡಣ್ಣ’ ಎಂದು ನಕ್ಕಳು. ನೂರ ಆರು ಹೇಳಿಕೆಗಳಾದವು, ಒಂದರಂತೆ ಇನ್ನೊಂದಿರಲಿಲ್ಲ.

ಸಂಜೆ ಅಕ್ಕ ಅವುಗಳನ್ನು ಒಳಗೆ ಒಪ್ಪಿಸಲು ಬಂದಳು. ‘ನೂರ ಆರು ಇದೆ ಅಕ್ಕ’ ಎಂದ. ಅವಳು ಕಟ್ಟು ತೆಗೆದುಕೊಂಡು, ಪಕ್ಕದ ಬೆಂಚಿನ ಮೇಲೆ ಕೂತು, ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೇ ಎಣಿಸಿದಳು. ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಎಣಿಸಿದಳು. ಅವನು ಪೆನ್ನಿನ ಮುಚ್ಚಳ ಹಾಕಿ, ಕೈ ಕಟ್ಟಿಕೊಂಡು ನಿಂತು ನೋಡುತ್ತಿದ್ದ. ಬೇಜಾರು ಮಾಡಿಕೊಳ್ಳುವ ಹಕ್ಕು ತನಗಿಲ್ಲ ಎಂದುಕೊಂಡ.

‘ಸರಿ ಇದೆ’ ಎಂದು ಅವಳು ಒಳಗೆ ಹೋದಳು.

ಪರಿಶೀಲನೆಯ ಕಾನೂನು ಉಳಿಯಿತು, ಜನರನ್ನು ಕೇಳದೆ ಕಾರ್ಖಾನೆ ಕಟ್ಟುವಂತಿಲ್ಲ. ಹತ್ತೊಂಬತ್ತು ರಾಸಾಯನಿಕಗಳಲ್ಲಿ ಹನ್ನೆರಡನ್ನು ಕರಡಿನಿಂದ ತೆಗೆದುಹಾಕಿದರು, ಏಳು ಹೊಸ ನಿಯಮದೊಳಗೆ ಸೇರಿಕೊಂಡವು. ಆ ಏಳರ ವಿರುದ್ಧ ಅಕ್ಕ ಈಗಲೂ ಓಡಾಡುತ್ತಿದ್ದಾಳೆ. ವಾರಕ್ಕೊಮ್ಮೆ ತಮ್ಮನ ಮನೆಗೆ ಸೊಪ್ಪು ತರುತ್ತಾಳೆ, ಮೊಣಕಾಲು ನೋವಿನ ಮಾತಾಡುತ್ತಾಳೆ, ನಾದಿನಿಯ ಹತ್ತಿರ ನಗುತ್ತಾಳೆ. ಅರ್ಜಿಯ ಚೀಲವನ್ನು ಮಾತ್ರ ಹೆಗಲಿನಿಂದ ಇಳಿಸುವುದಿಲ್ಲ. ಅವನೂ ಅದರಲ್ಲಿ ಏನಿದೆ ಎಂದು ಕೇಳುವುದಿಲ್ಲ. ಬಸ್ಸಿನವರೆಗೆ ಅವಳ ಜೊತೆ ನಡೆದು ಹೋಗುತ್ತಾನೆ, ಒಂದು ಹೆಜ್ಜೆ ಹಿಂದೆ.