ಎಲೆಅಡಿಕೆಗೆ ಕೊಟ್ಟ ರೂಮು

ಮದ್ದೂರು ರೈಲ್ವೆ ಸ್ಟೇಷನ್ನಿನ ಎದುರಿಗೆ ನಮ್ಮ ದೊಡ್ಡಪ್ಪನ ಲಾಡ್ಜು. ಅಲ್ಲಿ ಮದುವೆಯವರಿಗೆ ರೂಮು ಗೊತ್ತು ಮಾಡುವ ಕ್ರಮ ಸರಳ. ಹೆಣ್ಣಿನ ಅಪ್ಪ ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ಕೊಡುತ್ತಾನೆ, ದೊಡ್ಡಪ್ಪ ತೆಗೆದುಕೊಳ್ಳುತ್ತಾನೆ, ಅಲ್ಲಿಗೆ ರೂಮು ಅವರದು. ಆ ಸಲವೂ ಹಾಗೇ ಎಲ್ಲ ರೂಮುಗಳನ್ನೂ ಕೊಟ್ಟಿದ್ದ. ಬುಕಿಂಗ್ ಆ್ಯಪಿನಲ್ಲಿ ಮಾತ್ರ ಅವು ಖಾಲಿ ಎಂದೇ ತೋರಿಸುತ್ತಿದ್ದವು. ಅಲ್ಲೂ ಬುಕಿಂಗ್ ನಿಲ್ಲಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಎಲೆಅಡಿಕೆ ತೆಗೆದುಕೊಂಡ ಮೇಲೆ ಇನ್ನೇನು ಬಾಕಿ?

ಮದುವೆಯ ಹಿಂದಿನ ಸಂಜೆ ದಾವಣಗೆರೆ ಕಡೆಯ ಹೆಂಗಸೊಬ್ಬರು ವಯಸ್ಸಾದ ಅತ್ತೆಯ ಕೈಹಿಡಿದುಕೊಂಡು ಒಳಗೆ ಬಂದರು. ಬೆಳಿಗ್ಗೆ ಮಳವಳ್ಳಿಯಲ್ಲಿ ನೆಂಟರ ಮನೆಯ ತಿಥಿಯಂತೆ. ಮೊಬೈಲಿನಲ್ಲಿ ಬುಕಿಂಗ್ ತೋರಿಸಿದರು. ಗಂಡಿನ ಕಡೆಯವರು ಇನ್ನೂ ಕೊತ್ತತ್ತಿಯಿಂದ ಹೊರಟಿರಲಿಲ್ಲ. ಎಲ್ಲ ಕೀಗಳೂ ಕೌಂಟರಿನ ಹಿಂದೆ ನೇತಾಡುತ್ತಿದ್ದವು.

“ರೂಮಿಲ್ಲ ಕಣಮ್ಮ,” ಎಂದ ದೊಡ್ಡಪ್ಪ.

“ಮತ್ತೆ ಕೀ ಎಲ್ಲಾ ಅಲ್ಲೇ ಅದಾವಲ್ರೀ?”

“ಅವು ಬೀಗರ್ವು. ನಿಮ್ಗೆ ರೂಮ್ ಕೊಟ್ಟೋನು ಆ್ಯಪ್ನೋನು, ನಾನಲ್ಲ. ಅವನ್ನೇ ಕೇಳ್ಕಳಿ.”

ನಾನು ಅವನನ್ನು ಪಕ್ಕಕ್ಕೆ ಕರೆದೆ. “ದೊಡ್ಡಪ್ಪ, ಖಾಲಿ ಅಂದಿದ್ದೂ ನಮ್ಮ ಲಾಡ್ಜೇ, ಬುಕಿಂಗ್ ಒಪ್ಪಿದ್ದೂ ನಮ್ಮ ಲಾಡ್ಜೇ. ಒಂದು ರೂಮು ಕೊಡು. ಕೇಸಾದ್ರೆ ಸೋಲ್ತೀವಿ.”

“ಗಂಡಿನೋರ್ಗೆ ಒಂದ್ ರೂಮ್ ಕಮ್ಮಿ ಆದ್ರೆ ಹೆಣ್ಣಿನಪ್ಪನ ಮರ್ವಾದೆ ಏನಾಯ್ತದೆ? ಇದು ನಿನ್ ಕಾಲೇಜ್ ಡಿಬೇಟಲ್ಲ, ಸುಮ್ಕಿರವ್ವ.”

ಆ ಹೆಂಗಸು ಕೀಗಳ ಫೋಟೋ ತೆಗೆದುಕೊಂಡರು. ನಮ್ಮ ಮನೆಗಾದರೂ ಬನ್ನಿ ಎಂದೆ. “ನಿಮ್ಮನಿ ಬುಕ್ ಮಾಡಿಲ್ಲಮ್ಮ,” ಎಂದು ಅತ್ತೆಯನ್ನು ನಡೆಸಿಕೊಂಡು ಹೋದರು.

ಮಂಡ್ಯದ ಗ್ರಾಹಕರ ಆಯೋಗದಿಂದ ನೋಟಿಸು ಬರುವ ಮೊದಲೇ ಆ್ಯಪಿನವರು ನಮ್ಮ ಲಾಡ್ಜಿನ ಹೆಸರು ತೆಗೆದುಹಾಕಿದ್ದರು. “ಹೋದ್ರೆ ಹೋಗ್ಲಿ ಬುಡು,” ಎಂದ ದೊಡ್ಡಪ್ಪ. ಮದುವೆಯಿಲ್ಲದ ದಿನಗಳಲ್ಲಿ ಲಾಡ್ಜು ಬಣಗುಟ್ಟತೊಡಗಿದ ಮೇಲೆ ಆ ಮಾತು ಕೇಳಿಸಲಿಲ್ಲ. ವಿಚಾರಣೆಯ ದಿನ ಬಸ್ಸಿನಲ್ಲಿ, “ಕಪ್ ಗೆದ್ದಿದ್ದೀಯಲ್ಲ, ಎಲ್ಡ್ ಮಾತ್ ನೀನೇ ಆಡ್ಬುಡು,” ಎಂದ. ಡಿಬೇಟಿನಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ವಾದಿಸಿದವಳು ನಾನು. ಇದಕ್ಕೆ ಆಗಲ್ಲ ಎಂದೆ. ಮಂಡ್ಯದವರೆಗೂ ಅವನು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದ.

ಆಯೋಗದ ಮುಂದೆ ಕೊನೆಗೆ ಅವನೇ ಎದ್ದು ನಿಂತ. “ಎಲೆಅಡಿಕೆ ಇಸ್ಕಂಡಿದ್ದೆ ಸ್ವಾಮಿ. ಕೊಟ್ಟ ಮಾತ್ ತಪ್ಪಕಾಯ್ತದಾ?”

“ಇವರಿಗೂ ಕೊಡ್ತೀನಿ ಅಂತ ಒಪ್ಕೊಂಡಿದ್ರಲ್ಲ, ಅದು ಮಾತಲ್ವಾ?” ಎಂದರು ಅಧ್ಯಕ್ಷರು.

ದೊಡ್ಡಪ್ಪ ನನ್ನತ್ತ ನೋಡಿದ. ಆಮೇಲೆ ಆ ಹೆಂಗಸಿನ ಕಡೆ ತಿರುಗಿದ.

“ಅವತ್ತು ನಿಮ್ಮತ್ತೆ ಎಲ್ ಮನಗಿದ್ರವ್ವ?”

“ಎಲ್ಲಿ ಮಲಗ್ತಾರ್ರೀ? ನಿಮ್ಮ ಲಾಡ್ಜಿನ ಎದುರಿಗೇ, ಸ್ಟೇಷನ್ ಬೆಂಚಿನ ಮ್ಯಾಲೆ ಬೆಳಗಾಗೋ ತನಕ ಕುಂತಿದ್ರು.”

ಇನ್ನೇನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು.

“ಏನಿಲ್ಲ ಸ್ವಾಮಿ,” ಎಂದ ದೊಡ್ಡಪ್ಪ. “ಅದೇನ್ ಬರೀಬೇಕೋ ಬರ್ಕಳಿ.”